ಐವತ್ತೋ, ನೂರಕ್ಕೆ ಹತ್ತೋ

ಆಟದ ಕಂಪನಿಯಲ್ಲಿ ಅವಳನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಐವರು ಒಂದು ಕಡೆ, ಐವರು ಇನ್ನೊಂದು ಕಡೆ ನಿಂತು ಫೋನಿನಲ್ಲಿ ಹೊಡೆದಾಡುವ ಆನ್‌ಲೈನ್ ಆಟ ಅದು. ಯಾವ ವೀರನಿಗೆ ಎಷ್ಟು ಜೀವ, ಯಾರ ಏಟಿಗೆ ಎಷ್ಟು ಬಲ ಎಂದು ಅಂಕಿ ಗೊತ್ತುಮಾಡಿ, ಯಾರ ಕೈಯೂ ತೀರಾ ಮೇಲಾಗದಂತೆ ನೋಡಿಕೊಳ್ಳುವುದು ಅವಳ ಕೆಲಸ. ಮೂರನೇ ಮಹಡಿಯ ಮೂಲೆಯಲ್ಲಿ, ಬಿಸಿಲು ಹೊಡೆಯದಂತೆ ಕಿಟಕಿಗೆ ರಟ್ಟು ಅಂಟಿಸಿಕೊಂಡು ಆರು ವರ್ಷದಿಂದ ಕೂತಿದ್ದಳು. ಆಡುವವರಿಗೆ ಅವಳ ಹೆಸರು ಗೊತ್ತಿರಲಿಲ್ಲ. ಸೋತಾಗ ಬೈಯುವುದಕ್ಕೆ ಹೆಸರು ಬೇಕಾಗಿಯೂ ಇರಲಿಲ್ಲ.

ಗಂಡ ಸರಕು ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವವನು, ವರ್ಷದ ಏಳೆಂಟು ತಿಂಗಳು ನೀರಿನ ಮೇಲೆ. ಮನೆಯಲ್ಲಿ ಅವಳು ಮತ್ತು ಅತ್ತೆ ಇಬ್ಬರೇ. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತು ಜೋಡಿಸಿ ನಿವೃತ್ತರಾದವರು. ಸೊಸೆ ದಿನವಿಡೀ ಮಾಡುವುದಾದರೂ ಏನು ಎಂದು ನೋಡುವ ಕುತೂಹಲಕ್ಕೆ ಆಟವನ್ನು ಫೋನಿಗೆ ಇಳಿಸಿಕೊಂಡರು. ‘ಹಳೇ ಲೈನು’ ಎಂದು ಹೆಸರಿಟ್ಟುಕೊಂಡರು. ಮಧ್ಯಾಹ್ನ ಊಟವಾದ ಮೇಲೆ ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಗುರುತೇ ಇಲ್ಲದ ನಾಲ್ವರ ಜೊತೆ ಸೇರಿಕೊಂಡು ಆಡುತ್ತಿದ್ದರು. ಸೋಲುವುದೇ ಹೆಚ್ಚು. ಆದರೂ ಸಂಜೆ ಸೊಸೆ ಬಂದಾಗ ಹೇಳುವುದಕ್ಕೆ ಏನಾದರೊಂದು ಇರುತ್ತಿತ್ತು.

ಆಟದಲ್ಲಿ ರಕ್ಷೆಯ ಕಲ್ಲು ಅಂತ ಒಂದಿತ್ತು. ಒಬ್ಬ ವೀರ ಮೂರರವರೆಗೆ ಕಟ್ಟಿಕೊಳ್ಳಬಹುದು. ಒಂದೊಂದಕ್ಕೂ ಐವತ್ತು ಜೀವ ಹೆಚ್ಚು. ಹೊಸಬರ ವೀರನಿಗೆ ಸಾಮಾನ್ಯವಾಗಿ ಇರುವುದೇ ಇನ್ನೂರು. ಅಂಥವರಿಗೆ ಐವತ್ತು ಎಂದರೆ ಕಾಲು ಪಾಲು ಬಲ. ಎರಡು ವರ್ಷ ಆಡಿ ಬೆಳೆಸಿದವರ ವೀರನಿಗೆ ಎರಡು ಸಾವಿರ. ಅವರಿಗೆ ಐವತ್ತು ಲೆಕ್ಕಕ್ಕೇ ಇಲ್ಲ. ಹಳಬರು ಗಲಾಟೆ ಎಬ್ಬಿಸಿದರು. ಇಷ್ಟು ದಿನ ಬೆವರು ಸುರಿಸಿದ್ದು ಇದಕ್ಕಾ ಎಂದು ಪುಟಗಟ್ಟಲೆ ಬರೆದರು. ಮುಖ್ಯಸ್ಥ ಅವಳನ್ನು ಕರೆದು, ಐವತ್ತನ್ನು ತೆಗೆದು ನೂರಕ್ಕೆ ಹತ್ತು ಮಾಡು ಎಂದ. ಅವಳಿಗೂ ಅದು ಸರಿಯೆನಿಸಿತು. ಎಲ್ಲರಿಗೂ ಒಂದೇ ಪ್ರಮಾಣ, ಇದರಲ್ಲಿ ಪಕ್ಷಪಾತ ಎಲ್ಲಿಂದ ಬರಬೇಕು? ಬದಲಾಯಿಸಿದಳು. ಒಟ್ಟು ಲೆಕ್ಕದಲ್ಲಿ ಗೆಲುವು ಸೋಲು ಸಮವಾಗಿಯೇ ಇತ್ತು. ಹಳಬರು ತಣ್ಣಗಾದರು. ಮುಖ್ಯಸ್ಥ ಸಭೆಯಲ್ಲಿ ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿದ.

ಹತ್ತು ದಿನ ಕಳೆದಿರಬಹುದು. ಒಂದು ಸಂಜೆ ಮನೆಗೆ ಬಂದರೆ ಅತ್ತೆಯ ಫೋನು ಫ್ರಿಜ್ಜಿನ ಮೇಲೆ ಬೋರಲು ಬಿದ್ದಿತ್ತು. ಅತ್ತೆ ಹಳೆಯ ಪೇಪರಿನ ಜಾಹೀರಾತು ಓದುತ್ತಿದ್ದರು.

“ಇವತ್ತು ಆಡಲಿಲ್ವಾ ಅತ್ತೆ?”

“ಬಿಟ್ಟು ನಾಲ್ಕು ದಿನ ಆಯ್ತು. ಮೊದಲೆಲ್ಲ ಆಟದಲ್ಲಿ ಸಾಯೋಕೆ ಮುಂಚೆ ಒಂದಾದರೂ ಕೆಲಸ ಮಾಡ್ತಿದ್ದೆ. ಈಗ ಬರೋದು, ಸಾಯೋದು.”

“ನನಗೆ ಯಾಕೆ ಹೇಳಲಿಲ್ಲ?”

“ನಿನ್ನ ಕೆಲಸ ಅಲ್ವಾ ಅದು. ಮನೇಲಿ ಕೂತು ನಾನು ತಪ್ಪು ಹುಡುಕಿದ್ರೆ ಚೆನ್ನಾಗಿರುತ್ತಾ?”

ಆ ಮಾತು ಅವಳ ಮನಸ್ಸಿನಿಂದ ಹೋಗಲಿಲ್ಲ. ಆದರೂ ಅತ್ತೆಯೊಬ್ಬರ ಮಾತು ನಂಬಿ ಅಂಕಿ ತಿದ್ದುವ ಹಾಗಿರಲಿಲ್ಲ. ಮಾರನೆಯ ದಿನ ಹೊಸಬರನ್ನಷ್ಟೇ ಬೇರೆ ತೆಗೆದು ಲೆಕ್ಕ ನೋಡಿದಳು. ಮಧ್ಯಾಹ್ನದ ಹೊತ್ತು ಆಡುವವರು ಕಡಿಮೆ, ಹಾಗಾಗಿ ಹೊಸಬರೂ ಹಳಬರೂ ಒಂದೇ ಕಣದಲ್ಲಿ ಬೀಳುತ್ತಿದ್ದರು. ಅದೇ ಕಲ್ಲು ಹಳಬರಿಗೆ ಇನ್ನೂರು ಕೊಡುತ್ತಿತ್ತು, ಹೊಸಬರಿಗೆ ಇಪ್ಪತ್ತು. ಹೊಸಬರಲ್ಲಿ ಅರ್ಧಕ್ಕರ್ಧ ಜನ ಮೂರು ಆಟಕ್ಕೆ ಕೈಬಿಟ್ಟಿದ್ದರು. ಒಟ್ಟು ಲೆಕ್ಕದಲ್ಲಿ ಅವರು ಕಾಣಿಸುತ್ತಲೇ ಇರಲಿಲ್ಲ, ಯಾಕೆಂದರೆ ಹೋದವರು ಲೆಕ್ಕದಲ್ಲಿ ಉಳಿಯುವುದಿಲ್ಲ. ಮತ್ತೆ ಮತ್ತೆ ಕೂಡಿಸಿ ನೋಡಿದಳು. ಅಂಕಿ ಕದಲಲಿಲ್ಲ.

ಮುಖ್ಯಸ್ಥನಿಗೆ ಇದು ರುಚಿಸಲಿಲ್ಲ. “ಹಳಬರು ಎದ್ದು ಹೋದ್ರೆ ಜವಾಬ್ದಾರಿ ನೀನು ತಗೋತೀಯಾ?” ಎಂದ.

“ಹೊಸಬರು ಹೋಗ್ತಿರೋದಕ್ಕೆ ಈಗಾಗ್ಲೇ ನಾನೇ ಜವಾಬ್ದಾರಿ ಸಾರ್. ಆ ಅಂಕಿ ಬರೆದವಳು ನಾನು.”

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕೂತ. ಕೊನೆಗೆ, ಸರಿ, ಏನಾದರೂ ಮಾಡು, ಆದರೆ ಹಳಬರ ಹತ್ತನ್ನು ಮುಟ್ಟಬೇಡ ಎಂದ. ಅವಳು ಎರಡು ಬಗೆಯ ಕಲ್ಲು ಮಾಡಿದಳು. ಒಂದು ಐವತ್ತು ಕೊಡುವುದು, ಇನ್ನೊಂದು ನೂರಕ್ಕೆ ಹತ್ತು. ಯಾರಿಗೆ ಯಾವುದು ಬೇಕೋ ಅದು. ಫ್ರಿಜ್ಜಿನ ಮೇಲಿನ ಫೋನು ಕೆಳಗಿಳಿಯಿತು.

ಒಂದು ವಾರಕ್ಕೆ ಊಟದ ಹೊತ್ತಿನಲ್ಲಿ ಅತ್ತೆ ದನಿ ತಗ್ಗಿಸಿದರು, ಪಕ್ಕದ ಮನೆಯವರು ಕಿವಿಗೊಟ್ಟಿದ್ದಾರೇನೋ ಎನ್ನುವ ಹಾಗೆ. “ಆಫೀಸಲ್ಲಿ ಹೇಳಬೇಡ. ಒಂದು ಉಪಾಯ ಸಿಕ್ಕಿದೆ.”

ಉಪಾಯವೆಂದರೆ ಕಡ್ಡಿ. ಕಲ್ಲು ನೂರಕ್ಕೆ ಹತ್ತಾಗಿದ್ದ ದಿನಗಳಲ್ಲಿ ಆಟಕ್ಕೆ ಹೊಸದಾಗಿ ಬಂದ, ಎಲ್ಲರಿಗಿಂತ ಸಣಕಲು ವೀರ ಅವನು. ಜೀವ ನೂರ ನಲವತ್ತು. ಆದರೆ ಗಾಳಿಯ ಹಾಗೆ ಓಡುತ್ತಾನೆ, ಏಟು ಭಾರಿ. ಒಂದೇಟಿಗೆ ಬೀಳಲಿ ಎಂದೇ ತಕ್ಕಡಿ ಅವನನ್ನು ಹಾಗೆ ಅಳೆದಿದ್ದಳು. ಅತ್ತೆ ಅವನಿಗೆ ಮೂರೂ ಐವತ್ತರ ಕಲ್ಲು ಕಟ್ಟಿದ್ದರು. ಜೀವ ಇಮ್ಮಡಿಗಿಂತ ಹೆಚ್ಚಾಗಿ, ಒಂದೇಟು ತಿಂದೂ ಓಡಿ ತಪ್ಪಿಸಿಕೊಳ್ಳುತ್ತಿದ್ದ. ಸಾಲಾಗಿ ಆರು ಆಟ ಗೆದ್ದಿದ್ದರು. ತಂಡದವರು ‘ಹಳೇ ಲೈನು ಇದ್ರೆ ಭಯ ಇಲ್ಲ’ ಎಂದು ಬರೆದಿದ್ದನ್ನು ಎರಡು ಸಲ ಓದಿ ಹೇಳಿದರು. ಸೊಸೆ ನಕ್ಕಳು. ಒಳಗೊಳಗೇ ನೂರ ನಲವತ್ತಕ್ಕೆ ನೂರೈವತ್ತು ಕೂಡಿಸಿ ನೋಡಿದಳು.

ಆಫೀಸಿನಲ್ಲಿ ನೋಡಿದರೆ ಇನ್ನೂ ಮುನ್ನೂರು ಜನಕ್ಕೆ ಅದೇ ಹೊಳೆದಿತ್ತು. ಕಡ್ಡಿಯ ಎದುರು ಸಿಕ್ಕವರ ಪಾಡು ಕೇಳುವಂತಿರಲಿಲ್ಲ. ಐವತ್ತರ ಕಲ್ಲು ಒಬ್ಬರಿಗೆ ಒಂದೇ ಎಂದು ತಿದ್ದಿದಳು. ಸೂಚನೆ ಎಲ್ಲರಿಗೂ ಪ್ರಕಟವಾದ ಮೇಲೆಯೇ ಮನೆಯಲ್ಲಿ ಬಾಯಿ ಬಿಟ್ಟಳು. ಅತ್ತೆ ಲೋಟ ತೊಳೆಯುತ್ತಿದ್ದರು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದರು.

“ನಾನು ಹೇಳಿದ್ದಕ್ಕೇನಾ?”

“ನೀವು ಹೇಳದಿದ್ರೂ ಗೊತ್ತಾಗ್ತಿತ್ತು. ಆದ್ರೆ ಮೊದಲು ಗೊತ್ತಾಗಿದ್ದು ನಿಮ್ಮಿಂದ.”

“ಯಾವತ್ತಿಂದ?”

“ಭಾನುವಾರ ಮಧ್ಯಾಹ್ನ.”

“ಹಾಗಾದ್ರೆ ಅವತ್ತು ಬೆಳಿಗ್ಗೆ ಪೂರ್ತಿ ಇದೆಯಲ್ಲ. ನೀನೂ ಬಾ, ತಂಡದಲ್ಲಿ ಒಬ್ಬರು ಕಡಿಮೆ ಇದ್ದಾರೆ.”

ಪರೀಕ್ಷೆಗೆಂದು ಆ ಆಟವನ್ನು ಸಾವಿರ ಸಲ ಆಡಿದ್ದಳು. ತನಗಾಗಿ ಯಾರೋ ತಿರುವಿನಲ್ಲಿ ಕಾಯುತ್ತಾ ನಿಲ್ಲುವ ಆಟ ಅವಳಿಗೆ ಹೊಸದು. ಭಾನುವಾರ ನಾಲ್ಕು ಗೆದ್ದರು, ಒಂದು ಸೋತರು. ಆ ಸೋಲಿಗೆ ತಪ್ಪು ಸೊಸೆಯದೇ ಎಂದು ಅತ್ತೆ ಮುಲಾಜಿಲ್ಲದೆ ಹೇಳಿದರು.

ಮುಂದಿನ ತಿಂಗಳುಗಳಲ್ಲಿ ಹೊಸಬರು ಮೊದಲಿಗಿಂತ ಹೆಚ್ಚು ದಿನ ನಿಂತರು. ಹಳಬರಲ್ಲಿ ಕೆಲವರು ಉದ್ದುದ್ದ ಬೈದು ಹೋದರು, ಕೆಲವರು ಬೈಯುತ್ತಲೇ ಉಳಿದರು. ಮುಖ್ಯಸ್ಥ ತನ್ನ ತಪ್ಪೆಂದು ಯಾವತ್ತೂ ಒಪ್ಪಲಿಲ್ಲ. ಆದರೆ ಪ್ರತಿ ಸಭೆಯಲ್ಲೂ ಹೊಸಬರ ಲೆಕ್ಕ ಬೇರೆಯಾಗಿ ಬರಲಿ ಎಂದು ಕೇಳತೊಡಗಿದ. ಅತ್ತೆ ಕಡ್ಡಿಯನ್ನು ಬಿಟ್ಟು ದಪ್ಪನೆಯ ಬೇರೊಬ್ಬ ವೀರನನ್ನು ಹಿಡಿದರು.

ಒಂದು ದಿನ ಅವರು ಕೇಳಿದರು: “ಐವತ್ತರದಕ್ಕಿಂತ ಈ ನೂರಕ್ಕೆ ಹತ್ತರ ಕಲ್ಲು ನನ್ನಂಥವಳಿಗೆ ಯಾವಾಗ ಲಾಭ?”

“ಐನೂರು ಜೀವ ದಾಟಿದ ಮೇಲೆ ಅತ್ತೆ. ನೀವು ಆಡೋ ರೀತಿಗೆ ಇನ್ನೆರಡು ತಿಂಗಳು.”

“ಆಡೋಣ ಬಿಡು,” ಎಂದು ಅವರು ಕನ್ನಡಕ ಒರೆಸಿಕೊಂಡರು.