ಒಣಕಡ್ಡಿಗಳಿಗೆ ಮನೆ ಹುಡುಕಿದ ಶಿವವ್ವ

ಬನಶಂಕರಿ ಎರಡನೇ ಹಂತದ ಆ ಮನೆಯ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಿವವ್ವ ಕುಕ್ಕರುಗಾಲಿನಲ್ಲಿ ಕುಳಿತು ಕುಂಡವೊಂದರ ಮಣ್ಣಿನೊಳಗೆ ತೋರುಬೆರಳು ಇಳಿಸಿದ್ದಾರೆ. ಕುಂಡದಲ್ಲಿ ಕಾಣುವುದು ಗೇಣುದ್ದದ ನಾಲ್ಕು ಒಣಕಡ್ಡಿ, ಅಷ್ಟೇ. ಇಂಥ ಕುಂಡಗಳು ಗೋಡೆಗುಂಟ ಹನ್ನೆರಡಿವೆ. ಬೆರಳನ್ನು ಹೊರತೆಗೆದು ಮೂಸಿ ನೋಡುತ್ತಾರೆ, ಮುಂದಿನ ಕುಂಡಕ್ಕೆ ಸರಿಯುತ್ತಾರೆ, ಏನೋ ಅನುಮಾನವಾಗಿ ಮತ್ತೆ ಮೊದಲನೆಯದಕ್ಕೇ ಬರುತ್ತಾರೆ.

"ಉಳಿದ ಕಡೆ ಎಲ್ಲಾ ಚಿಗುರ್ಯಾವ್ರಿ. ಇಲ್ಲಿ ಮಾತ್ರ ಯಾಕ ಎದ್ದಿಲ್ಲೋ ತಿಳೀವಲ್ತು. ಇವತ್ತ ಕಡೇ ದಿನ ಬ್ಯಾರೆ," ಎನ್ನುತ್ತಾ ಗೇಟಿನ ಕಡೆ ನೋಡುತ್ತಾರೆ.

ಈ ಮನೆಯ ಯಜಮಾನರು ನಿವೃತ್ತ ಬ್ಯಾಂಕ್ ಅಧಿಕಾರಿ ಚಕ್ರಪಾಣಿ. ತಮ್ಮ ರೋಜಾ ಗಿಡಗಳನ್ನು ಹಿತ್ತಲಿಗೆ ಸರಿಸಿ ಈ ಕುಂಡಗಳಿಗೆ ಜಾಗ ಮಾಡಿಕೊಟ್ಟವರು. ಯುಗಾದಿ ಕಳೆದು ಹತ್ತು ದಿನದೊಳಗೆ ಚಿಗುರದಿದ್ದರೆ ತೆಗೆದುಕೊಂಡು ಹೋಗಬೇಕು ಎಂದು ಅವರು ಮೊದಲೇ ಹೇಳಿದ್ದರು. ಇವತ್ತು ಹತ್ತನೆಯ ದಿನ. ಅವರು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಒಂದಾದರೂ ಹಸಿರು ಕಾಣಿಸಬೇಕು ಎಂಬುದು ಶಿವವ್ವನ ಅವಸರ.

ನಲವತ್ತೆಂಟು ವರ್ಷದ ಶಿವವ್ವ ಗದಗ ಜಿಲ್ಲೆಯ ರೋಣದ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಹದಿನೇಳು ವರ್ಷವಾಯಿತು. ಗಂಡ ಹೊಳೆಪ್ಪ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಜಯನಗರ, ಜೆ.ಪಿ. ನಗರ, ಬನಶಂಕರಿ ಸೇರಿ ಹನ್ನೊಂದು ಮನೆಗಳ ಕೈತೋಟ ಶಿವವ್ವನ ಕೈಯಲ್ಲಿದೆ. ದಿನಕ್ಕೆ ಮೂರೋ ನಾಲ್ಕೋ ಮನೆ, ಮೂರು ಬಸ್ಸು, ಒಂದು ಬುತ್ತಿ. ಕೂತು ಮಾತಾಡೋಣ ಎಂದು ನಾನು ಎರಡು ಸಲ ಕೇಳಿದೆ. ಎರಡೂ ಸಲ ಅವರು ಮಾತು ಶುರುಮಾಡಿದ್ದು ನಡೆಯುತ್ತಲೇ.

ಬೆಂಗಳೂರಿಗೆ ಬಂದ ಹೊಸತರಲ್ಲಿ ಅವರದು ಪಾತ್ರೆ ತೊಳೆಯುವ ಕೆಲಸ. ಜಯನಗರ ನಾಲ್ಕನೇ ಟಿ ಬ್ಲಾಕಿನ ಸತ್ಯಭಾಮಾ ಅವರ ಮನೆಯಲ್ಲಿ ತೋಟ ನೋಡುತ್ತಿದ್ದ ಮಾಲಿ ಕೆಲಸ ಬಿಟ್ಟು ಹೋದಾಗ ಪಾತ್ರೆ ತೊಳೆದ ಕೈಯಲ್ಲೇ ಗಿಡಗಳಿಗೆ ನೀರು ಹಾಕಿದರು. ಆರು ತಿಂಗಳಲ್ಲಿ ಪಾತ್ರೆಗೆ ಬೇರೆಯವರು ಬಂದರು, ಶಿವವ್ವ ಗಿಡಗಳ ಕಡೆಗೇ ಉಳಿದರು. ಸತ್ಯಭಾಮಾ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಐದು ವರ್ಷದ ಹಿಂದೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಒಂದು ಪೊಟ್ಟಣ ದಾಸವಾಳದ ಬೀಜ ಕೊಂಡು ತಂದಿದ್ದರು.

"ನಮ್ಮನೇಲಿ ಬಿಸಿಲೇ ಬೀಳಲ್ಲ. ಪಕ್ಕದಲ್ಲಿ ಬಿಲ್ಡಿಂಗ್ ಎದ್ದ ಮೇಲೆ ತುಳಸೀನೂ ಬರ್ತಿಲ್ಲ. ನಿಮ್ಮ ತಾರಸಿ ಮೇಲೆ ಹಾಕಿ ನೋಡು ಶಿವವ್ವ ಅಂತ ಕೊಟ್ಟೆ. ನನಗೇನೂ ನಂಬಿಕೆ ಇರಲಿಲ್ಲ," ಎಂದು ಸತ್ಯಭಾಮಾ ನಗುತ್ತಾರೆ.

ಅದು ನಮ್ಮ ಬೇಲಿಯಲ್ಲಿ ವರ್ಷವಿಡೀ ಹೂ ಬಿಡುವ ದಾಸವಾಳವಲ್ಲ. ಚಳಿಯ ದೇಶದ ಜಾತಿ. ಮಳೆಗಾಲದಲ್ಲಿ ಊಟದ ತಟ್ಟೆಯಷ್ಟಗಲದ ಹೂ ಬಿಡುತ್ತದೆ. ಡಿಸೆಂಬರ್ ಬಂತೆಂದರೆ ನೆಲದ ಮೇಲಿರುವುದೆಲ್ಲ ಒಣಗಿ ಹೋಗುತ್ತದೆ, ಜೀವವೆಲ್ಲ ಬೇರಿಗೆ ಇಳಿಯುತ್ತದೆ. ಶಿವವ್ವ ಇಟ್ಟ ಹೆಸರು 'ತಾಟಿನ ದಾಸಾಳ'. ಅವರ ಊರಿನಲ್ಲಿ ತಟ್ಟೆಗೆ ತಾಟು ಎನ್ನುತ್ತಾರೆ.

ಬೀಜದ ಸಿಪ್ಪೆ ಗಟ್ಟಿ. ಹಾಗೇ ಹಾಕಿದರೆ ಮೊಳೆಯುವುದಿಲ್ಲ ಎಂದು ಸತ್ಯಭಾಮಾ ಹೇಳಿದ್ದರಿಂದ, ಸಿಮೆಂಟಿನ ಮೆಟ್ಟಿಲಿಗೆ ಒಂದೊಂದಾಗಿ ಉಜ್ಜಿ, ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಹಾಕಿದರು. ಹನ್ನೆರಡರಲ್ಲಿ ಬದುಕಿದ್ದು ಮೂರು. ಮೊದಲ ಚಳಿಗಾಲದಲ್ಲಿ ಮೂರೂ ಒಣಗಿದವು. "ಹೋದ್ವಲ್ಲ ಅಂತ ಕಿತ್ತಾಕಾಕ ಕೈ ಹಾಕಿದೆ, ಬರಲಿಲ್ರಿ. ಬೇರು ಗಟ್ಟಿ ಹಿಡಕೊಂಡಿತ್ತು. ಸತ್ತಿದ್ದು ಹಂಗ ಹಿಡಕೊಳ್ಳಂಗಿಲ್ಲ. ಮಣ್ಣು ಸರಿಸಿ ನೋಡಿದ್ರ ಬುಡದಾಗ ಅಕ್ಕಿಕಾಳಿನಷ್ಟು ಬಿಳೀ ಮೊಳಕೆ. ಮತ್ತ ಮುಚ್ಚಿಬಿಟ್ಟೆ."

ಮಾರ್ಚ್‌ನಲ್ಲಿ ಅವು ಎದ್ದವು. ಮೇ ತಿಂಗಳಲ್ಲಿ, ಮೊಗ್ಗು ಕಟ್ಟುವ ಮೊದಲೇ, ಎಳೆಯ ಕಾಂಡವನ್ನು ಗೇಣುದ್ದಕ್ಕೆ ಗೆಣ್ಣಿನ ಕೆಳಗೆ ಕತ್ತರಿಸಿ, ಬುಡದ ಎಲೆ ಕಿತ್ತು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದ ಕುಂಡದಲ್ಲಿ ನೆಟ್ಟರು. ಮೇಲೆ ತಳ ಕೊಯ್ದ ನೀರಿನ ಬಾಟಲಿ ಕವುಚಿದರು. ನಾಲ್ಕು ವಾರಕ್ಕೆ ಬೇರು. ಹತ್ತು ನೆಟ್ಟರೆ ಆರೋ ಏಳೋ ಹಿಡಿಯುತ್ತವೆ. ಹೀಗೆ ಮೂರು ಗಿಡ ವರ್ಷದಿಂದ ವರ್ಷಕ್ಕೆ ಹೆಚ್ಚಿ ನಲವತ್ತೊಂದಾಯಿತು. ಬಿಳಿ, ಗುಲಾಬಿ, ಕಡುಗೆಂಪು.

ಕಷ್ಟ ಬಂದದ್ದು ಈ ಜನವರಿಯಲ್ಲಿ. ಶಿವವ್ವ ಬಾಡಿಗೆಗಿರುವ ಕಟ್ಟಡದ ಮಾಲೀಕರಾದ ಪಿಳ್ಳಣ್ಣ ಒಂದು ಬೆಳಗ್ಗೆ ತಾರಸಿಗೆ ಹತ್ತಿ ಬಂದರು. "ಶಿವವ್ವ, ಕೆಳಗಿನ್ ಮನೆ ಸೀಲಿಂಗೆಲ್ಲಾ ಒದ್ದೆ ಆಗ್ಬಿಟ್ಟಿದೆ ಕಣಮ್ಮ. ವಾಟರ್‌ಪ್ರೂಫಿಂಗ್ ಮಾಡಿಸ್ಲೇಬೇಕು. ಹದಿನೈದ್ ದಿನದಲ್ಲಿ ಕುಂಡ ಎಲ್ಲಾ ಖಾಲಿ ಮಾಡ್ಬಿಡು. ಆಮೇಲೂ ಮೇಲೆ ಏನೂ ಇಡೋ ಹಾಗಿಲ್ಲ."

ಪಿಳ್ಳಣ್ಣ ಹೇಳಿದ್ದು ಸುಳ್ಳಲ್ಲ, ಸೀಲಿಂಗ್ ಸೋರುತ್ತಿತ್ತು. ಶಿವವ್ವ ಎದುರು ಮಾತಾಡಲಿಲ್ಲ. ತಿಂಗಳು ಮಾತ್ರ ತಪ್ಪಾಗಿತ್ತು. ಜುಲೈಯಲ್ಲಾಗಿದ್ದರೆ ಹೂ ನೋಡಿ ಯಾರು ಬೇಕಾದರೂ ಕುಂಡ ಇಟ್ಟುಕೊಳ್ಳುತ್ತಿದ್ದರು. ಜನವರಿಯಲ್ಲಿ ಅವರ ಬಳಿ ಇದ್ದದ್ದು ನಲವತ್ತೊಂದು ಕುಂಡ ಒಣಕಡ್ಡಿ.

ಹನ್ನೊಂದು ಮನೆಗಳಲ್ಲೂ ಕೇಳಿದರು. ಸತ್ತ ಗಿಡ ಮನೆ ಮುಂದೆ ಇಡುವುದು ಅಪಶಕುನ ಎಂದರು ಒಬ್ಬರು. ಕಡ್ಡಿಗೆ ಯಾಕಮ್ಮ ಕುಂಡ ಎಂದು ನಕ್ಕರು ಇನ್ನೊಬ್ಬರು. ಆ ಹದಿನೈದು ದಿನ ನಿದ್ದೆಯೇ ಹತ್ತಲಿಲ್ಲ ಎನ್ನುತ್ತಾರೆ ಶಿವವ್ವ. "ಸತ್ತಿಲ್ರಿ, ಮಲಗ್ಯಾವ ಅಂತ ಎಷ್ಟ್ ಮಂದಿಗೆ ಹೇಳ್ಲಿ? ಮಣ್ಣು ಸರಿಸಿ ತೋರಿಸ್ಲಿಕ್ಕೂ ಹೋದೆ. ಅವರು ಟೈಮಿಲ್ಲ ಅಂದ್ರು."

ಕಡೆಗೆ ಐದು ಮನೆಗಳು ಒಪ್ಪಿದವು. ಸತ್ಯಭಾಮಾ ಒಂಬತ್ತು ತೆಗೆದುಕೊಂಡರು. ಮಲಗಿದ ಗಿಡಕ್ಕೆ ಬಿಸಿಲು ಬೇಡ, ಚಿಗುರಿದ ಮೇಲೆ ನೋಡಿಕೊಳ್ಳೋಣ ಎಂಬುದು ಅವರ ಲೆಕ್ಕ. ಎರಡು ಮನೆಗಳಿಗೆ ಆರಾರು, ಜೆ.ಪಿ. ನಗರದ ಒಂದು ಮನೆಗೆ ಎಂಟು, ಚಕ್ರಪಾಣಿಯವರಲ್ಲಿ ಹನ್ನೆರಡು. ಸಾಗಿಸಿದ್ದು ಬಸ್ಸಿನಲ್ಲೇ, ಸಲಕ್ಕೆ ಎರಡು ಕುಂಡ, ಎರಡು ಖಾಲಿ ಗೊಬ್ಬರದ ಚೀಲದಲ್ಲಿ. "ಟಿಕೆಟ್ ಹೆಂಗಸ್ರಿಗೆ ಫ್ರೀ, ಕುಂಡಕ್ಕಲ್ಲ ಅಂತ ಒಬ್ಬ ಕಂಡಕ್ಟರು. ಮುಂದಿನ ಸಲ ಅವನ ತನ್ನ ಸೀಟು ಬಿಟ್ಟುಕೊಟ್ಟ."

ಅಲ್ಲಿಂದ ಶುರುವಾಯಿತು ತಿರುಗಾಟ. ಒಂದೇ ತಾರಸಿಯ ಮೇಲಿದ್ದಾಗ ಕಣ್ಣೆದುರು ಇದ್ದವು. ಈಗ ಐದು ದಿಕ್ಕು. ಜಯನಗರದಲ್ಲಿ ಹುಲ್ಲು ಕೀಳುವಾಗ ಬನಶಂಕರಿಯ ಚಿಂತೆ, ಬನಶಂಕರಿಯಲ್ಲಿದ್ದಾಗ ಜೆ.ಪಿ. ನಗರದ್ದು. ಆ ಚಿಂತೆ ಸುಳ್ಳಾಗಲಿಲ್ಲ. ಫೆಬ್ರವರಿಯ ಕೊನೆಯಲ್ಲಿ ಜೆ.ಪಿ. ನಗರಕ್ಕೆ ಹೋದಾಗ ಎಂಟೂ ಕುಂಡ ಖಾಲಿಯಾಗಿ, ತೊಳೆದು, ಒಂದರೊಳಗೊಂದು ಜೋಡಿಸಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸೊಬ್ಬರು ಕಸವೆಂದುಕೊಂಡು ಮಣ್ಣನ್ನೆಲ್ಲ ತೆಂಗಿನ ಬುಡಕ್ಕೆ ಸುರಿದಿದ್ದರು. ಶಿವವ್ವ ಆ ಮಣ್ಣನ್ನು ಕೈಯಿಂದ ಕೆದಕಿ ಮೂರು ಬೇರುಗಡ್ಡೆ ಹುಡುಕಿದರು. ಬದುಕಿದ್ದು ಒಂದು.

"ಯಾರಿಗೂ ಏನೂ ಅನ್ನಲಿಲ್ರಿ. ಆಕೀಗೆ ಯಾರೂ ಹೇಳಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದು ಅತ್ತೆ," ಎಂದು ಹೇಳಿ ಮುಂದಿನ ಕುಂಡಕ್ಕೆ ಕೈ ಹಾಕುತ್ತಾರೆ.

ಈ ಕುಂಡದಿಂದ ಹೊರಬಂದ ಬೆರಳಿಗೆ ಕಪ್ಪು ಲೋಳೆ ಅಂಟಿದೆ. ಮೂಸಿದವರೇ ಎದ್ದು ನಿಲ್ಲುತ್ತಾರೆ. ಅಷ್ಟರಲ್ಲಿ ಗೇಟು ಸದ್ದಾಗುತ್ತದೆ. ಎರಡು ಹಾಲಿನ ಪ್ಯಾಕೆಟ್ ಹಿಡಿದ ಚಕ್ರಪಾಣಿ, ಕಾಲಲ್ಲಿ ವಾಕಿಂಗ್ ಶೂ.

"ಏನಾಯ್ತಮ್ಮ? ಬಂತಾ?"

"ಸಾಹೇಬ್ರ, ಇವಕ್ಕ ನೀರು ಯಾರು ಹಾಕ್ತಿದ್ರು?"

ಚಕ್ರಪಾಣಿ ಹಾಲಿನ ಪ್ಯಾಕೆಟ್‌ಗಳನ್ನು ಕಟ್ಟೆಯ ಮೇಲಿಡುತ್ತಾರೆ. "ನಾನೇ. ದಿನಾ ಬೆಳಗ್ಗೆ ಒಂದೊಂದು ಚೊಂಬು. ವಾರಕ್ಕೊಂದ್ಸಲ ಸಾಕು ಅಂತ ನೀನು ಹೇಳಿದ್ದೆ, ಜ್ಞಾಪಕ ಇದೆ. ಆದ್ರೆ ಹೀಗೆ ಒಣಗಿ ನಿಂತಿರೋದನ್ನ ದಿನಾ ನೋಡಿ ನೋಡಿ ಮನಸ್ಸು ತಡೀಲಿಲ್ಲಮ್ಮ."

ಗಡುವು ಕೊಟ್ಟವರೂ ಅವರೇ, ಗಡುವಿನೊಳಗೆ ಹೇಗಾದರೂ ಬದುಕಲಿ ಎಂದು ನೀರು ಹೊಯ್ದವರೂ ಅವರೇ. ಶಿವವ್ವ ಗೇಟಿನ ತನಕ ನಡೆದು ಹೋಗುತ್ತಾರೆ. ಅಲ್ಲಿ ಬೆನ್ನು ತಿರುಗಿಸಿ ಒಂದು ಗಳಿಗೆ ನಿಲ್ಲುತ್ತಾರೆ. ಹೋಗಿಯೇಬಿಟ್ಟರೇನೋ ಎಂದುಕೊಳ್ಳುವಷ್ಟರಲ್ಲಿ ವಾಪಸು ಬಂದು, "ಒಂದು ಹಳೇ ಪೇಪರ್ ಕೊಡ್ರಿ. ಮತ್ತ ಚಾಕು," ಎನ್ನುತ್ತಾರೆ.

ಮುಂದಿನ ಒಂದೂವರೆ ಗಂಟೆ ಅಂಗಳದಲ್ಲಿ ಒಂದೊಂದೇ ಕುಂಡ ಬೋರಲಾಗುತ್ತದೆ. ಕೊಳೆತ ಬೇರನ್ನು ಶಿವವ್ವ ಬಿಳಿಯ ಭಾಗ ಸಿಗುವವರೆಗೂ ಕೊಯ್ಯುತ್ತಾರೆ, ತೊಳೆದು ಪೇಪರಿನ ಮೇಲೆ ನೆರಳಿಗಿಡುತ್ತಾರೆ. ಮೊದಲ ಮೂರು ಪೂರ್ತಿ ಹೋಗಿವೆ. ನಾಲ್ಕನೆಯದನ್ನು ಬಹಳ ಹೊತ್ತು ತಿರುಗಿಸಿ ನೋಡಿ ಅದನ್ನೂ ಬದಿಗಿಡುತ್ತಾರೆ. ಚಕ್ರಪಾಣಿ ಕುರ್ಚಿ ಬೇಡವೆಂದು ಪಕ್ಕದಲ್ಲೇ ನೆಲಕ್ಕೆ ಕುಳಿತಿದ್ದಾರೆ. ಐದನೆಯದನ್ನು ಕೊಯ್ದಾಗ ಗಡ್ಡೆಯ ನೆತ್ತಿಯಲ್ಲಿ ಕಂಡೂ ಕಾಣದಂತೆ ಒಂದು ನಸುಗೆಂಪು ಮೊಳಕೆ.

"ಇದೇನಾ?" ಎಂದು ಬಗ್ಗುತ್ತಾರೆ ಚಕ್ರಪಾಣಿ.

"ಇದ ನೋಡ್ರಿ. ಮುಟ್ಟಬ್ಯಾಡ್ರಿ."

ಕೊನೆಗೆ ಉಳಿದದ್ದು ಏಳು. ಒಣ ಮಣ್ಣಿಗೆ ಮರಳು ಬೆರೆಸಿ ಏಳನ್ನೂ ಮತ್ತೆ ನೆಟ್ಟು ಬಿಸಿಲು ಬೀಳುವ ಮೆಟ್ಟಿಲ ಬಳಿ ಇಡುತ್ತಾರೆ. "ರೋಜಾ ಹಿಂದುಗಡೇನೇ ಇರ್ಲಿ ಬಿಡು. ನೀರು ಯಾವಾಗ ಹಾಕ್ಬೇಕು ಅಂತ ನೀನೇ ಫೋನ್ ಮಾಡು, ನಾನಾಗಿ ಮುಟ್ಟಲ್ಲ," ಎನ್ನುತ್ತಾರೆ ಚಕ್ರಪಾಣಿ. ಸತ್ತ ಐದನ್ನು ಶಿವವ್ವ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕಸದ ಗಾಡಿಗೆ ಕೊಡಲು ಮನಸ್ಸಿಲ್ಲ.

ಬಸ್ ನಿಲ್ದಾಣದಲ್ಲಿ ಬೆಂಚು ಖಾಲಿಯಿದ್ದರೂ ಅವರು ನಿಂತೇ ಇದ್ದಾರೆ. ಮುಂದಿನ ಮನೆಗೆ ಆಗಲೇ ಮುಕ್ಕಾಲು ಗಂಟೆ ತಡ. ಕೋಪ ಬರಲಿಲ್ಲವೇ ಎಂದು ಕೇಳುತ್ತೇನೆ.

"ಬಂತ್ರಿ. ಅದಕ್ಕ ಗೇಟಿನ ತನಾ ಹೋದೆ. ಬೈಬೇಕಂತ ಬಾಯಿಗೂ ಬಂದಿತ್ತು. ನೀರು ಹಾಕಿದವ್ರಿಗೆ ಏನಂತ ಬೈಲಿ?"

ನಲವತ್ತೊಂದರಲ್ಲಿ ಈಗ ಇಪ್ಪತ್ತೊಂಬತ್ತು. ಇಷ್ಟು ಗಿಡ, ಇಷ್ಟು ದೊಡ್ಡ ಹೂ, ಅಷ್ಟೂ ಒಮ್ಮೆಲೇ ಅರಳಿದಾಗ ನಿಮ್ಮ ತಾರಸಿ ಹೇಗೆ ಕಾಣುತ್ತಿತ್ತು ಎಂದು ವಿಚಾರಿಸುತ್ತೇನೆ. ಶಿವವ್ವ ಮೊದಲ ಬಾರಿಗೆ ನನ್ನ ಕಡೆ ಪೂರ್ತಿ ತಿರುಗುತ್ತಾರೆ.

"ನಾ ಎಲ್ಲಿ ನೋಡೀನ್ರಿ? ಅದು ಒಂದು ದಿನದ ಹೂವ. ನಾ ಮನಿ ಬಿಟ್ಟ ಮ್ಯಾಲೆ ಅರಳತೈತಿ, ಸಂಜಿಗೆ ಬರೋದ್ರಾಗ ಮುದುಡಿರ್ತೈತಿ. ಐತವಾರ ಅಂದ್ರ ರಜಾ, ಕೆಲಸದ ಮನಿಯವ್ರೆಲ್ಲಾ ಇರ್ತಾರ, ಅವತ್ತ ಕೆಲಸ ಜಾಸ್ತಿ. ನಮ್ಮ ಮನಿಯವ್ರು ಡ್ಯೂಟಿ ಮುಗಿಸಿ ಬಂದು ಮೊಬೈಲ್ನಾಗ ಫೋಟೋ ಹೊಡದು ಕಳಸ್ತಿದ್ರು. ಕಣ್ಣಾರೆ ನೋಡಿದ್ದು ಎರಡ ಸಲ. ಒಮ್ಮೆ ಜ್ವರ ಬಂದಿತ್ತು. ಇನ್ನೊಮ್ಮೆ ಬಂದ್ ಇತ್ತು, ಬಸ್ ಇರಲಿಲ್ಲ."

ಬಸ್ಸು ಬರುತ್ತದೆ. ಚೀಲವನ್ನು ಹೆಗಲಿಗೇರಿಸಿ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟವರು ತಿರುಗಿ ಹೇಳುತ್ತಾರೆ:

"ಈ ಮಳೆಗಾಲಕ್ಕ ನೋಡ್ರಿ, ನಾ ಜಯನಗರದಾಗ ಇದ್ರೂ ಅದಾವ, ಬನಶಂಕರಿಯಾಗ ಇದ್ರೂ ಅದಾವ. ಇನ್ನ ನಾ ಇದ್ದಲ್ಲೇ ಅರಳ್ತಾವ."