ಬೋರ್ಡಿನ ಮೇಲಿದ್ದ ಡಾಕ್ಟರು

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬೋರ್ಡು ಮಾಡುವ ಅಂಗಡಿ ಇಟ್ಟವನು ನಾನು. ಆದರೂ ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಷ್ಟೋ ಡಾಕ್ಟರುಗಳ ಡಿಗ್ರಿಗಳನ್ನು ಒಂದಕ್ಷರ ತಪ್ಪದೆ ಬೋರ್ಡಿಗೆ ಏರಿಸಿದ್ದೇನೆ. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ.

ನಂದಿನಿ ಲೇಔಟಿನ ಕಡೆಯ ಒಂದು ನರ್ಸಿಂಗ್ ಹೋಮಿನವರು ತಮ್ಮ ಎಮರ್ಜೆನ್ಸಿ ವಾರ್ಡಿಗೆ ನನ್ನಿಂದ ದೊಡ್ಡ ಬೋರ್ಡು ಮಾಡಿಸಿದರು. ಡಾಕ್ಟರ ಫೋಟೋ, ಅವರು ಓದಿದ್ದು, ವಿದೇಶದ ತರಬೇತಿ, ಕೊನೆಗೆ ಕೆಂಪಿನಲ್ಲಿ: 'ಹೃದಯಾಘಾತ, ಪಾರ್ಶ್ವವಾಯು ಚಿಕಿತ್ಸೆಗೆ ಇಪ್ಪತ್ನಾಲ್ಕು ಗಂಟೆಯೂ ಲಭ್ಯ'. ಅಂಟಿಸುತ್ತಾ ಅಂಟಿಸುತ್ತಾ ಅಷ್ಟೂ ನನಗೆ ಬಾಯಿಪಾಠವಾಗಿತ್ತು.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ದೋಸೆ ಹುಯ್ಯುತ್ತಿದ್ದ ಹೆಂಡತಿಯ ಕೈಯಿಂದ ಸೌಟು ಜಾರಿತು. ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ತೊದಲುತ್ತಿತ್ತು. ನಮ್ಮ ಮನೆ ಆರ್‌ಪಿಸಿ ಲೇಔಟಿನಲ್ಲಿ. ಎರಡು ರಸ್ತೆ ಆಚೆಗೇ ದೊಡ್ಡ ಆಸ್ಪತ್ರೆ. ಆಟೋದವನು ಅಲ್ಲಿಗೇ ತಿರುಗಿಸಿದ.

"ಅಲ್ಲಿ ಬೇಡ ಕಣಣ್ಣ, ನಂದಿನಿ ಲೇಔಟಿಗೆ ಹೊಡಿ. ಅಲ್ಲಿರೋ ಡಾಕ್ಟ್ರು ಏನೇನ್ ಓದವ್ರೆ ಅಂತ ನಂಗೊತ್ತು."

"ಟ್ರಾಫಿಕ್ ಐತೆ ಸಾರ್, ಯೋಚ್ನೆ ಮಾಡಿ."

ನಾನು ಕೇಳಲಿಲ್ಲ.

ನರ್ಸಿಂಗ್ ಹೋಮಿನಲ್ಲಿದ್ದದ್ದು ಒಬ್ಬರು ಸಿಸ್ಟರ್, ಒಬ್ಬ ಎಳೆಯ ಡ್ಯೂಟಿ ಡಾಕ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೋಡಿದ ಕೂಡಲೇ ಆ ಡಾಕ್ಟರು, "ಸ್ಟ್ರೋಕ್ ಸಾರ್. ಇಲ್ಲಿ ಸ್ಕ್ಯಾನ್ ಇಲ್ಲ, ಒಂದೊಂದ್ ನಿಮಿಷಾನೂ ಮುಖ್ಯ" ಎಂದು ತಾವೇ ಆಂಬುಲೆನ್ಸ್ ಕರೆಯಲು ಓಡಿದರು. ನಾನು ಮ್ಯಾನೇಜರನ್ನು ಹಿಡಿದೆ.

"ಬೋರ್ಡಲ್ಲಿರೋ ಡಾಕ್ಟ್ರೆಲ್ರೀ?"

"ಅವ್ರು ವಿಸಿಟಿಂಗ್ ಸಾರ್. ಗುರುವಾರ ಬರ್ತಾರೆ."

"ಹಂಗಾದ್ರೆ ಸ್ಟ್ರೋಕ್‌ಗೂ ಗುರುವಾರ ಬಾ ಅಂತ ಹೇಳ್ಲಾ?"

"ಕೂಗ್ಬೇಡಿ ಸಾರ್. ಬೋರ್ಡ್ ಮಾಡ್ದೋರು ನೀವೇ ಅಲ್ವಾ? ಇಂಥದ್ದೆಲ್ಲ ನಿಮ್ಗೆ ಗೊತ್ತಿರ್ಬೇಕಿತ್ತು."

ಗೊತ್ತಿರಬೇಕಿತ್ತಂತೆ! ಬರೆದುಕೊಟ್ಟವರು ಓದಿದವರು, ಅದನ್ನು ನಂಬಿದ್ದು ಮಾತ್ರ ಓದದ ನನ್ನ ತಪ್ಪಂತೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಂಬುಲೆನ್ಸ್ ನಮ್ಮನ್ನು ತಂದಿಳಿಸಿದ್ದು ನಮ್ಮ ಮನೆಯಿಂದ ಎರಡು ರಸ್ತೆ ಆಚೆಯ ಅದೇ ಆಸ್ಪತ್ರೆಗೆ. ಅಲ್ಲಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ, "ಯಾಕೆ ಇಷ್ಟು ಲೇಟು?" ಎಂದಷ್ಟೇ ಕೇಳಿದರು. ಜೀವ ಉಳಿಯಿತು. ಬಲಗೈಗೆ ಮಾತ್ರ ಶಕ್ತಿ ಬರಲಿಲ್ಲ. ಈಗ ನಾನು ಅವಳ ಜಡೆ ಹೆಣೆಯುತ್ತೇನೆ, ಸೊಟ್ಟಸೊಟ್ಟಗೆ. ಅವಳು ಒಂದು ಮಾತೂ ಬೈದಿಲ್ಲ. ಅದಕ್ಕೇ ಇನ್ನೂ ಸಿಟ್ಟು, ನನ್ನ ಮೇಲೂ.

ಈಗ ಯಾವ ಆಸ್ಪತ್ರೆಯವರು ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: "ಈ ಡಾಕ್ಟ್ರು ಯಾವ ದಿನ, ಎಷ್ಟ್ ಗಂಟೆಯಿಂದ ಎಷ್ಟ್ ಗಂಟೆವರ್ಗೂ ಇರ್ತಾರೆ? ಅದನ್ನೂ ಬರ್ಕೊಡಿ, ಡಿಗ್ರಿಗಿಂತ ದಪ್ಪ ಅಕ್ಷರದಲ್ಲಿ ಹಾಕ್ತೀನಿ." ಕೆಲವರು ಮುಖ ಗಂಟುಹಾಕಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ.