ಚನಮಲ್ಲಪ್ಪನವರ ಒಂದು ತಾಸಿನ ಶಿಕ್ಷೆ
ರಬಕವಿ-ಬನಹಟ್ಟಿಯಲ್ಲಿ ಕಾಲೇಜಿಗಿಂತ ಮೊದಲು ಮಗ್ಗ ಏಳುತ್ತದೆ; ಇದು ಊರಿಗೆಲ್ಲ ಗೊತ್ತು, ವಿಶ್ವವಿದ್ಯಾಲಯದ ನಿಯಮಾವಳಿಗೆ ಮಾತ್ರ ಗೊತ್ತಿಲ್ಲ. ತರಗತಿಯಲ್ಲಿ ಮೂರು ಸಲ ನಿದ್ದೆ ಹೋದವರಿಗೆ ಪರೀಕ್ಷೆಯಿಲ್ಲ ಎನ್ನುತ್ತದೆ ಅದು. ಅದನ್ನು ಜಾರಿ ಮಾಡಬೇಕಾದವರು ವಿದ್ಯಾರ್ಥಿ ಕಲ್ಯಾಣಾಧಿಕಾರಿ ಚನಮಲ್ಲಪ್ಪನವರು. ಮೊದಲು ಅವರ ಮೀಸೆ ಗೇಟಿಗೆ ಬರುತ್ತದೆ, ಎರಡು ನಿಮಿಷ ಬಿಟ್ಟು ಅವರು. ಕೊರಳಲ್ಲಿ ಸೀಟಿ, ಕಿಸೆಯಲ್ಲಿ ಕೆಂಪು ಪೆನ್ನು, ಬಾಯಲ್ಲಿ ಒಂದೇ ಮಾತು: "ಶಿಸ್ತು ಅಂದ್ರ ಶಿಸ್ತು!" ನಕ್ಕವನಿಗೆ ನಕ್ಕಿದ್ದಕ್ಕೆ ಬೈಗುಳ, ನಗದವನಿಗೆ ಸೊಟ್ಟ ಮೋರೆಗೆ ಬೈಗುಳ. ಕಾಲೇಜಿನ ನಾಯಿ ಕೂಡ ಅವರನ್ನು ಕಂಡರೆ ಸೊಟ್ಟ ಬಾಲವನ್ನು ನೆಟ್ಟಗೆ ಮಾಡುತ್ತದಂತೆ. ಮೊನ್ನೆ ಬನಹಟ್ಟಿಯ ಮಂಗಲಾ ಮೂರನೆಯ ಸಲ ತೂಕಡಿಸಿ ಅವರ ಕೈಗೇ ಸಿಕ್ಕಿಬಿದ್ದಳು. ದಾಖಲೆ ಪುಸ್ತಕಕ್ಕೆ ಹೆಸರು ಹೋದರೆ ಪರೀಕ್ಷೆ ಹೋದಂತೆ. ಅವಳ ಕೂದಲಲ್ಲಿ ಇನ್ನೂ ನೂಲಿನ ಎಳೆಯಿತ್ತು. "ಎಷ್ಟಕ್ಕ ಎದ್ದೀಯವಾ?" "ನಾಕಕ್ಕರೀ ಸರ್. ಮಗ್ಗದ ಲಾಳಿಗೆ ಹಾಕೋ ನೂಲಿನ ಕಂಡಕಿ ಸುತ್ತಿಟ್ಟು ಬಂದೇನ್ರಿ." "ಕತಿ ಹೇಳಬ್ಯಾಡ! ನನ್ನ ಖೋಲಿಗೆ ನಡಿ. ಟೇಬಲ್ ಮ್ಯಾಲ ತಲಿ ಇಟ್ಟು ಒಂದು ತಾಸು ಕುಂದ್ರು. ಕಣ್ಣು ತೆರದೆಂದ್ರ ನೋಡು ಮತ್ತ!" ತಲೆ ಇಟ್ಟದ್ದೇ ತಡ, ಹುಡುಗಿ ಗೊರಕೆ ಹೊಡೆದಳು. ಚನಮಲ್ಲಪ್ಪನವರು ಫ್ಯಾನು ಹಚ್ಚಿದರು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕಾವಲು ನಿಂತರು. ಪುಸ್ತಕದಲ್ಲಿ 'ನಿದ್ದೆ' ಎಂದು ಬರೆಯಲಿಲ್ಲ, 'ಒಂದು ತಾಸು ಆಪ್ತ ಸಮಾಲೋಚನೆ' ಎಂದು ಬರೆದರು. ಪುಸ್ತಕದ ತುಂಬ ಬರೀ ಇಂಥ ಸಮಾಲೋಚನೆಯೇ. ಈ ಸುಳ್ಳನ್ನು ಅವರೊಬ್ಬರೇ ಎಷ್ಟು ದಿನ ಬರೆಯಬೇಕು? ಇದನ್ನೋದುತ್ತಿರುವ ಪ್ರಾಧ್ಯಾಪಕರೇ, ನಾಳೆ ತೂಕಡಿಸುವ ಮಗುವಿನ ಹೆಸರು ಕೇಳುವ ಮೊದಲು, ಎಷ್ಟಕ್ಕೆ ಎದ್ದಿತೆಂದು ಕೇಳಿ.